ಊರಿನ ತಳಿಯನ್ನೂ ಊರಿನ ಅರಿವನ್ನೂ ದಾಖಲೆಗೆ ತರುವ ವಿಚಾರ

ಕುಣಿಗಲ್ ತಾಲ್ಲೂಕಿನ ಕೊತ್ತಗೆರೆ ಹೋಬಳಿಯಲ್ಲಿ ರಾಗಿಯ ಹೊಲದ ನಡುವೆ ಅವರೆ, ತೊಗರಿ, ಹುಚ್ಚೆಳ್ಳುಗಳನ್ನು ಅಕ್ಕಡಿ ಸಾಲಾಗಿ ಬಿತ್ತುವ ಪದ್ಧತಿಯನ್ನು ರೈತರು ಪುಸ್ತಕ ನೋಡಿ ಕಲಿತವರಲ್ಲ. ಯಾವ ಮಳೆಗೆ ಯಾವ ರಾಗಿ ಒದಗುವುದು, ಬೀಜದ ಕಾಳಿಗೆ ಹುಳು ಬೀಳದಂತೆ ಯಾವ ಸೊಪ್ಪನ್ನು ಹಾಕತಕ್ಕದ್ದು, ಯಾರ ಹಿತ್ತಲಿನ ಹಲಸಿನ ತೊಳೆ ಕೆಂಪು, ಇವೆಲ್ಲವೂ ತಂದೆಯಿಂದ ಮಗನಿಗೆ, ಅತ್ತೆಯಿಂದ ಸೊಸೆಗೆ ಬಾಯಿಮಾತಿನಲ್ಲಿಯೇ ಬಂದಿರುವುದು. ಹೀಗೆ ಬಂದ ಅರಿವಿಗೆ ಒಂದು ದೊಡ್ಡ ಕೊರತೆಯುಂಟು. ಬಲ್ಲವರು ತೀರಿಹೋದರೆ ಅದೂ ಹೋಗುವುದು. ಹೊರಗಿನವರು ಅದನ್ನು ತಮ್ಮದೆಂದು ಹೇಳಿಕೊಂಡರೆ, ಊರಿನದೆಂದು ತೋರಿಸಲು ಕೈಯಲ್ಲಿ ಒಂದು ಕಾಗದವೂ ಇರುವುದಿಲ್ಲ.

ಇದು ಬರಿಯ ಭಯವಲ್ಲ. ಗಾಯಕ್ಕೆ ಅರಿಸಿನ ಹಚ್ಚುವುದನ್ನು ಈ ನಾಡಿನಲ್ಲಿ ಅರಿಯದ ಮನೆಯಿಲ್ಲ. ಹಾಗಿದ್ದರೂ 1995ರಲ್ಲಿ ಅಮೆರಿಕದ ಒಂದು ವಿಶ್ವವಿದ್ಯಾಲಯದ ವೈದ್ಯಕೇಂದ್ರಕ್ಕೆ ಅದೇ ಉಪಯೋಗದ ಮೇಲೆ ಪೇಟೆಂಟ್ ಹಕ್ಕು ದೊರೆಯಿತು. ಭಾರತ ಸರ್ಕಾರದ ವೈಜ್ಞಾನಿಕ ಮತ್ತು ಕೈಗಾರಿಕಾ ಸಂಶೋಧನಾ ಮಂಡಲಿಯವರು ಇದನ್ನು ಆಕ್ಷೇಪಿಸಿ, 1997ರಲ್ಲಿ ಆ ಹಕ್ಕನ್ನು ರದ್ದುಮಾಡಿಸಿದರು. ಇಲ್ಲಿ ಗಮನಿಸತಕ್ಕ ಅಂಶವೇನೆಂದರೆ, ಕೋಟ್ಯಂತರ ಜನರ ರೂಢಿಯೆಂಬ ಮಾತು ಅಲ್ಲಿ ನಡೆಯಲಿಲ್ಲ. ಹಳೆಯ ಗ್ರಂಥಗಳಲ್ಲಿಯೂ ಪತ್ರಿಕೆಗಳಲ್ಲಿಯೂ ಬರೆದಿದ್ದುದನ್ನು ಮುಂದಿಟ್ಟ ಮೇಲೆ ನಡೆಯಿತು. ಅರಿಸಿನಕ್ಕೆ ಗ್ರಂಥವಿತ್ತು. ಕೊತ್ತಗೆರೆಯ ಒಂದು ರಾಗಿಗೆ ಯಾವ ಗ್ರಂಥವಿದೆ?

ಸರ್ಕಾರದ ವ್ಯವಸಾಯ ಇಲಾಖೆಗಳು ರೈತರ ಅರಿವಿನಿಂದ ಲಾಭ ಪಡೆದದ್ದು ಹೊಸದಲ್ಲ. ಮಲೆನಾಡಿನ ಅಡಕೆ ಬೆಳೆಗಾರರು ಕೊಳೆರೋಗವನ್ನು ತಡೆಯಲು ಗೊನೆಗಳಿಗೆ ಹುಲ್ಲಿನ ಕೊಟ್ಟೆ ಕಟ್ಟುತ್ತಿದ್ದರು. ಗೊನೆಗೆ ಮಳೆಯ ನೀರು ತಾಗದಿದ್ದರೆ ರೋಗವಿಲ್ಲವೆಂಬುದು ಅವರಿಗೆ ತಿಳಿದಿತ್ತು. ಮೈಸೂರು ಸಂಸ್ಥಾನದ ಸೇವೆಗೆ ಬಂದ ಕೋಲ್ಮನ್ ಸಾಹೇಬರು 1910ರ ಸುಮಾರಿಗೆ ಈ ರೋಗವನ್ನು ಪರಿಶೀಲಿಸಿ, ಬೋರ್ಡೋ ದ್ರಾವಣದ ಸಿಂಪಡಣೆಯನ್ನು ಬಳಕೆಗೆ ತಂದರು. ರಾಗಿಯಲ್ಲಿಯೂ ನಾಡ ತಳಿಗಳಿಂದ ಆಯ್ದ ಬೀಜಕ್ಕೆ 'ಎಚ್ 22' ಎಂಬಂಥ ಸಂಖ್ಯೆಗಳನ್ನಿಟ್ಟರು. ಬೆಳೆಗೆ ಉಪಕಾರವಾಯಿತೆಂಬುದರಲ್ಲಿ ಸಂದೇಹವಿಲ್ಲ. ಆದರೆ ಮೂಲ ತೆನೆ ಯಾರ ಹೊಲದ್ದೆಂಬುದು ಆ ಸಂಖ್ಯೆಯಿಂದ ತಿಳಿಯುವುದಿಲ್ಲ.

ಈಗ ನಡೆಯುವ ರೀತಿ ಬೇರೆ. ಅದಕ್ಕೆ ನಿದರ್ಶನವು ನೆರೆಯ ಗುಬ್ಬಿ ತಾಲ್ಲೂಕಿನಲ್ಲಿಯೇ ಇರುವುದು. ಚೇಳೂರಿನ ಒಬ್ಬ ರೈತರ ಜಮೀನಿನಲ್ಲಿ ಅವರ ತಂದೆಯವರು ನೆಟ್ಟ ಒಂದು ಹಲಸಿನ ಮರವುಂಟು. ಹಣ್ಣು ಸಣ್ಣದು, ತೂಕ ಸುಮಾರು ಎರಡೂವರೆ ಕಿಲೋಗ್ರಾಂ. ತೊಳೆ ತಾಮ್ರದ ಕೆಂಪು ಬಣ್ಣದ್ದು, ಬಹಳ ಸಿಹಿ. ಸಣ್ಣ ಸಂಸಾರಕ್ಕೆ ಒಂದೇ ಹೊತ್ತಿಗೆ ಮುಗಿಯುವಷ್ಟು ಹಣ್ಣಾದ್ದರಿಂದ ಪೇಟೆಯಲ್ಲಿ ಗಿರಾಕಿ ಹೆಚ್ಚು. ಹಲಸಿನ ಬೀಜ ಹಾಕಿ ಬೆಳೆಸಿದ ಗಿಡವು ತಾಯಿಮರದಂತೆಯೇ ಬರುವುದೆಂಬ ನಂಬಿಕೆಯಿಲ್ಲ. ಹೂವಿಗೆ ಬೇರೆ ಮರದ ಪರಾಗ ಸೇರುವುದೇ ಇದಕ್ಕೆ ಕಾರಣ. ಆದುದರಿಂದ ಮರ ಒಳ್ಳೆಯದೆಂದು ಗೊತ್ತಿದ್ದರೂ ಅದರ ವಂಶವನ್ನು ಹೆಚ್ಚಿಸಲು ಕಸಿಯೇ ಬೇಕಾಗುವುದು. ತುಮಕೂರಿನ ಬಳಿಯ ಹಿರೇಹಳ್ಳಿಯಲ್ಲಿರುವ ಕೇಂದ್ರೀಯ ತೋಟಗಾರಿಕಾ ಪ್ರಯೋಗ ಕೇಂದ್ರದ ವಿಜ್ಞಾನಿಗಳು ಈ ಮರವನ್ನು ಪರೀಕ್ಷಿಸಿದರು. ಸಾಮಾನ್ಯ ಹಲಸಿನಲ್ಲಿ ಅತ್ಯಲ್ಪವಾಗಿರುವ ಲೈಕೋಪೀನ್ ಎಂಬ ಕೆಂಪು ಪದಾರ್ಥವು ಇದರ 100 ಗ್ರಾಂ ತೊಳೆಯಲ್ಲಿ ಸುಮಾರು 2 ಮಿಲಿಗ್ರಾಂ ಇರುವುದನ್ನು ಕಂಡರು. ತರುವಾಯ 2017ರಲ್ಲಿ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯವರು ರೈತರೊಡನೆ ಕರಾರು ಮಾಡಿಕೊಂಡರು. ಕಸಿಗಿಡಗಳನ್ನು ಸಂಸ್ಥೆಯು ತಯಾರಿಸತಕ್ಕದ್ದು, ಮಾರಾಟದ ಉತ್ಪತ್ತಿಯಲ್ಲಿ ನೂರಕ್ಕೆ 75 ಪಾಲು ರೈತರಿಗೆ ಸೇರತಕ್ಕದ್ದು ಎಂಬುದು ಅದರ ಸಾರಾಂಶ. ತಳಿಗೆ ಸಂಖ್ಯೆಯನ್ನಿಡದೆ, ಮರ ನೆಟ್ಟ ಹಿರಿಯರ ಹೆಸರಿನಿಂದ 'ಸಿದ್ದು' ಎಂದು ಕರೆದರು. ಅನಂತರ ಅದೇ ತಾಲ್ಲೂಕಿನ ಚೌಡ್ಲಾಪುರದ ಮತ್ತೊಂದು ಕೆಂಪು ಹಲಸು 'ಶಂಕರ' ಎಂಬ ಹೆಸರಿನಿಂದ ಪ್ರಸಿದ್ಧವಾಯಿತು.

ಕಸಿಯ ಕಡ್ಡಿಗಳನ್ನು ದಾಕ್ಷಿಣ್ಯಕ್ಕೆ ಕಂಡಕಂಡವರಿಗೆ ಕೊಟ್ಟುಬಿಟ್ಟಿದ್ದರೆ, ಈ ಗಿಡಗಳು ಬೇರೆ ಬೇರೆ ಹೆಸರಿನಿಂದ ಮಾರಾಟವಾಗುತ್ತಿದ್ದುವೇ ಹೊರತು ಚೇಳೂರಿಗೆ ಒಂದು ಕಾಸೂ ಬರುತ್ತಿರಲಿಲ್ಲ. ಕೊಡುಗೈ ಒಳ್ಳೆಯ ಗುಣವೇ ಸರಿ. ಆದರೆ ನೋಂದಣಿಯಾಗುವ ಮೊದಲು ಕಡ್ಡಿ ಕೊಡುವುದು ಬುದ್ಧಿವಂತಿಕೆಯಲ್ಲ.

ಇದಕ್ಕೆ ಆಧಾರವಾದ ಕಾನೂನುಗಳು ಎರಡು. ಮೊದಲನೆಯದು, 2001ನೆಯ ಇಸವಿಯ ಸಸ್ಯತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯಿದೆ. ಇದರಂತೆ ರೈತರು ತಾವು ಉಳಿಸಿಕೊಂಡು ಬಂದ ತಳಿಯನ್ನು ತಮ್ಮ ಹೆಸರಿನಲ್ಲಿಯೋ ಊರಿನವರೆಲ್ಲರ ಹೆಸರಿನಲ್ಲಿಯೋ ನೋಂದಾಯಿಸಬಹುದು. ನೋಂದಣಿಗೆ ಶುಲ್ಕವಿಲ್ಲ. ಹಕ್ಕಿನ ಅವಧಿ ಮರಬಳ್ಳಿಗಳಿಗೆ 18 ವರ್ಷದವರೆಗೆ, ಉಳಿದ ಬೆಳೆಗಳಿಗೆ 15 ವರ್ಷದವರೆಗೆ. ನೋಂದಣಿಯಾದರೆ ನೆರೆಹೊರೆಯವರು ಬೀಜ ಇಟ್ಟುಕೊಳ್ಳಕೂಡದೆಂದು ಕೆಲವರು ಶಂಕಿಸುವುದುಂಟು. ಇದು ತಪ್ಪು ತಿಳಿವಳಿಕೆ. ಬೀಜವನ್ನು ಉಳಿಸುವುದಕ್ಕೂ ಬಿತ್ತುವುದಕ್ಕೂ ಹಂಚಿಕೊಳ್ಳುವುದಕ್ಕೂ ಮಾರುವುದಕ್ಕೂ ರೈತರಿಗೆ ಸ್ವಾತಂತ್ರ್ಯವುಂಟು. ಮುದ್ರೆಯೊತ್ತಿದ ಚೀಲದಲ್ಲಿ ಕಂಪನಿಯ ಬೀಜದಂತೆ ಮಾರಕೂಡದು, ಅಷ್ಟೆ.

ಎರಡನೆಯದು, 2002ನೆಯ ಇಸವಿಯ ಜೈವಿಕ ವೈವಿಧ್ಯ ಕಾಯಿದೆ. ಇದರ ಮೇರೆಗೆ ಪ್ರತಿಯೊಂದು ಗ್ರಾಮ ಪಂಚಾಯಿತಿಯಲ್ಲಿಯೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರತಕ್ಕದ್ದು. ಊರಿನ ತಳಿ, ಮರ, ಮೂಲಿಕೆ, ದನಕರು, ಇವುಗಳನ್ನು ಕುರಿತ ಅರಿವು ಎಲ್ಲವನ್ನೂ ಜನತಾ ಜೀವವೈವಿಧ್ಯ ದಾಖಲೆಯೆಂಬ ಪುಸ್ತಕದಲ್ಲಿ ಬರೆಯತಕ್ಕದ್ದು. ಹಿಂದೆ ಪಟೇಲರೂ ಶಾನುಭೋಗರೂ ನಿರ್ವಹಿಸುತ್ತಿದ್ದ ಹೊಣೆಯಂತೆಯೇ ಇದು ಈಗಿನ ಗ್ರಾಮ ಮುಖಂಡರ ಹೊಣೆ. ರಾಷ್ಟ್ರೀಯ ಹಸಿರು ನ್ಯಾಯಪೀಠವು 2020ರ ಜನವರಿಯ ಗಡುವನ್ನು ವಿಧಿಸಿದಾಗ ದೇಶದಲ್ಲೆಲ್ಲಾ ಈ ಕೆಲಸವು ಅವಸರದಿಂದ ನಡೆಯಿತು. ಒಂದು ಊರಿನ ಮರಗಳ ಪಟ್ಟಿಯನ್ನು ಮತ್ತೊಂದು ಊರಿಗೆ ನಕಲು ಮಾಡಿದ ಪುಸ್ತಕವಿದ್ದರೆ ಅದು ಗೆದ್ದಲಿಗೆ ಮಾತ್ರ ಪ್ರಯೋಜನ. ಆದಕಾರಣ ಮುಖಂಡರು ತಮ್ಮ ಪಂಚಾಯಿತಿಯ ಪುಸ್ತಕವನ್ನು ಒಮ್ಮೆ ತರಿಸಿ ಓದಿಸಿ ನೋಡುವುದು ಉತ್ತಮ. ಕರಿಗಿಡ್ಡ, ಉಂಡೆ ರಾಗಿ, ಮಜ್ಜಿಗೆ ರಾಗಿ ಮೊದಲಾದ ಹೆಸರುಗಳಲ್ಲಿ ಊರಿಗೆ ಸಂಬಂಧಿಸಿದವು ಅದರಲ್ಲಿ ಇವೆಯೋ, ಯಾರ ಮನೆಯಲ್ಲಿ ಬೀಜವಿದೆಯೆಂದು ಬರೆದಿದೆಯೋ ನೋಡಬೇಕು. ಬೀಜದ ಕಾಳನ್ನು ಆಯ್ದು ಇಡುವವರು ಹೆಂಗಸರಾದ್ದರಿಂದ, ಅವರನ್ನು ಕೇಳದೆ ಬರೆದದ್ದು ಅರ್ಧ ಲೆಕ್ಕವೇ ಆಗುವುದು. ನಾಟಿವೈದ್ಯರು ಗುಟ್ಟಾಗಿ ಕಾಪಾಡಿಕೊಂಡ ಔಷಧಿಯ ವಿವರವನ್ನು ಬಲವಂತದಿಂದ ಬರೆಸಕೂಡದು.

ತಳಿಯ ನೋಂದಣಿಯ ಅರ್ಜಿಗೆ ಈ ಸಮಿತಿಯ ಅಧ್ಯಕ್ಷರು ಅಥವಾ ಕಾರ್ಯದರ್ಶಿಗಳು ದೃಢೀಕರಣದ ರುಜು ಹಾಕಬಹುದು. ಜಿಲ್ಲೆಯ ಕೃಷಿ ಅಧಿಕಾರಿಗಳೂ ಹಾಕಬಹುದು. ಅರ್ಜಿಯ ವಿಷಯದಲ್ಲಿ ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸಬಹುದು. ಹಣ್ಣಿನ ಮರಗಳಾದರೆ ಹಿರೇಹಳ್ಳಿಯ ಕೇಂದ್ರಕ್ಕೇ ತಿಳಿಸುವುದು ಮೇಲು.

ಹಲಸಿನ ಮರವನ್ನು ಫಲವಿರುವಾಗಲೇ ಗುರುತು ಮಾಡಿ, ಹತ್ತು ಹಣ್ಣುಗಳ ತೂಕವನ್ನೂ ತೊಳೆಗಳ ಲೆಕ್ಕವನ್ನೂ ಬಣ್ಣವನ್ನೂ ಬರೆದಿಡತಕ್ಕದ್ದು. ರಾಗಿಯಾದರೆ ಕೊಯ್ಲಿಗೆ ಮೊದಲು ಹೊಲದಲ್ಲಿ ನಿಂತು ಒಂದೇ ಬಗೆಯ ತೆನೆಗಳನ್ನು ಆಯ್ದು, ಕಣದಲ್ಲಿ ಬೇರೆ ರಾಗಿಯೊಡನೆ ಬೆರೆಯದಂತೆ ಬಡಿದು, ಒಣಗಿಸಿ, ತಳಿಯ ಹೆಸರು, ಹೊಲದ ಸರ್ವೆ ನಂಬರು, ಬಿತ್ತಿದ ಮಳೆ, ಕೊಯ್ದ ದಿನ ಇವುಗಳನ್ನು ಬರೆದ ಚೀಟಿಯೊಡನೆ ಇಡತಕ್ಕದ್ದು.