ಎಣ್ಣೆಯ ಬಾಳಿಕೆಯನ್ನು ಅಯಸ್ಕಾಂತದಿಂದ ಅಳೆಯುವ ಕ್ರಮ

ಕಡಲೆಕಾಯಿ ಎಣ್ಣೆಯು ಗಾಳಿಯ ಆಮ್ಲಜನಕದ ಸೋಂಕಿನಿಂದ ಕಮಟು ಹಿಡಿಯುತ್ತದೆ. ಲಿನೋಲಿಯಿಕ್ ಆಮ್ಲ ಹೆಚ್ಚಾದಷ್ಟೂ ಅದು ಬೇಗನೆ ಕೆಡುವುದು. ಓಲಿಯಿಕ್ ಆಮ್ಲ ಹೆಚ್ಚಾದರೆ ಬಹುಕಾಲ ಬಾಳುವುದು.

ಈ ಅಂಶಗಳನ್ನು ಎನ್.ಎಂ.ಆರ್. ಯಂತ್ರದಿಂದ ಅಳೆಯಬಹುದು. ಎಣ್ಣೆಯ ಕೆಲವು ತೊಟ್ಟುಗಳನ್ನು ದ್ರಾವಕದಲ್ಲಿ ಕರಗಿಸಿ, ಬಲವಾದ ಅಯಸ್ಕಾಂತದ ನಡುವೆ ಇಟ್ಟು ರೇಡಿಯೋ ಅಲೆಗಳನ್ನು ಹಾಯಿಸಿದರೆ, ಜಲಜನಕದ ಪರಮಾಣುಗಳು ತಮ್ಮ ನೆರೆಹೊರೆಗೆ ತಕ್ಕ ಸ್ಥಾನಗಳಲ್ಲಿ ಶಿಖರಗಳನ್ನು ತೋರಿಸುವುವು. ಶಿಖರದ ವಿಸ್ತೀರ್ಣವು ಪರಮಾಣುಗಳ ಎಣಿಕೆಗೆ ಸಮಪ್ರಮಾಣವಾಗಿರುತ್ತದೆ.

ಈ ಎಣ್ಣೆಯ ಪ್ರತಿಯೊಂದು ಆಮ್ಲಸರಪಳಿಯ ತುದಿಯಲ್ಲಿ 3 ಜಲಜನಕ ಪರಮಾಣುಗಳಿವೆ. ಲಿನೋಲಿಯಿಕ್ ಸರಪಳಿಯಲ್ಲಿ ಮಾತ್ರ ಎರಡು ದ್ವಿಬಂಧಗಳ ನಡುವೆ ಬೇರೆ 2 ಇರುತ್ತವೆ. ತುದಿಯ ಶಿಖರದ ವಿಸ್ತೀರ್ಣ 300, ನಡುವಿನದು 60 ಬಂದರೆ, 100 ಸರಪಳಿಗಳಲ್ಲಿ 30 ಲಿನೋಲಿಯಿಕ್ ಎಂದು ತಿಳಿಯತಕ್ಕದ್ದು.

ಆದುದರಿಂದ ಗ್ರಾಮದ ಮುಖಂಡರೂ ಜಮೀನುದಾರರೂ ಬಿತ್ತನೆ ಬೀಜವನ್ನು ಆರಿಸುವಾಗ ಇಳುವರಿಯೊಂದನ್ನೇ ನೋಡದೆ, ತಳಿಯ ಓಲಿಯಿಕ್ ಅಂಶವನ್ನೂ ವಿಚಾರಿಸುವುದು ಲಾಭಕರ.