ಬ್ಯಾಕ್ಟೀರಿಯಾ ಔಷಧ ತಯಾರಿಸುವ ಹೊತ್ತು

ಸ್ಟ್ರೆಪ್ಟೊಮೈಸಿಸ್ ಸೀಲಿಕಲರ್ ಎಂಬ ಮಣ್ಣಿನ ಬ್ಯಾಕ್ಟೀರಿಯಾವನ್ನು ವಿಜ್ಞಾನಿಗಳು ದಶಕಗಳ ಕಾಲ ಬೆಳೆಸಿ, ಕೆದಕಿ, ಅದರಿಂದ ಸಿಗುವ ಆ್ಯಂಟಿಬಯೋಟಿಕ್‌ಗಳನ್ನು ಬೆರಳೆಣಿಕೆಯಲ್ಲಿ ಗುರುತಿಸಿದ್ದರು. 2002ರಲ್ಲಿ ಅದರ ಜೀನೋಮ್ ಓದಿ ಮುಗಿದಾಗ ಲೆಕ್ಕ ತಲೆಕೆಳಗಾಯಿತು. ಇಂಥ ವಿಶೇಷ ರಾಸಾಯನಿಕಗಳನ್ನು ಕಟ್ಟಬಲ್ಲ ಜೀನ್ ಗುಂಪುಗಳು ಅದರಲ್ಲಿ 20ಕ್ಕೂ ಹೆಚ್ಚಿದ್ದವು. ಬಹುಪಾಲು ಪ್ರಯೋಗಾಲಯದಲ್ಲಿ ತುಟಿ ಬಿಚ್ಚಿರಲೇ ಇಲ್ಲ. ಹೊಸ ಔಷಧಕ್ಕಾಗಿ ಊರೂರಿನ ಮಣ್ಣು ಅಗೆಯುವುದು ತಪ್ಪಲ್ಲ. ಆದರೆ ಈಗಾಗಲೇ ಕೈಯಲ್ಲಿರುವ ಬ್ಯಾಕ್ಟೀರಿಯಾ ಯಾವಾಗ, ಯಾವ ಸೂಚನೆಗೆ ತಯಾರಿಕೆಗೆ ಇಳಿಯುತ್ತದೆ ಎಂದು ತಿಳಿಯುವುದೇ ಇಂದಿನ ದೊಡ್ಡ ಕೆಲಸ ಎಂದು ನನಗನ್ನಿಸುತ್ತದೆ.

ಕ್ಷಯಕ್ಕೆ ಮೊದಲ ಮದ್ದಾದ ಸ್ಟ್ರೆಪ್ಟೊಮೈಸಿನ್ ಇದಕ್ಕೆ ಒಳ್ಳೆಯ ಉದಾಹರಣೆ. 1943ರಲ್ಲಿ ಅಮೆರಿಕದ ರಟ್ಗರ್ಸ್‌ನಲ್ಲಿ ಸೆಲ್ಮನ್ ವಾಕ್ಸ್‌ಮನ್ ಅವರ ಪ್ರಯೋಗಾಲಯದಲ್ಲಿ ಆಲ್ಬರ್ಟ್ ಶಾಟ್ಜ್ ಇದನ್ನು ಸ್ಟ್ರೆಪ್ಟೊಮೈಸಿಸ್ ಗ್ರೀಸಿಯಸ್‌ನಿಂದ ಪಡೆದರು. ಈ ಬ್ಯಾಕ್ಟೀರಿಯಾ ಎಳೆಎಳೆಯಾಗಿ ಬೆಳೆಯುವಾಗ ಎ-ಫ್ಯಾಕ್ಟರ್ ಎಂಬ ಪುಟ್ಟ ಅಣುವನ್ನು ಸುತ್ತಲೂ ಬಿಡುತ್ತದೆ. 1967ರಲ್ಲಿ ಇದನ್ನು ವರದಿ ಮಾಡಿದವರು ಸೋವಿಯತ್ ವಿಜ್ಞಾನಿ ಖೊಖ್ಲೋವ್ ಮತ್ತು ಸಂಗಡಿಗರು. ಲೀಟರಿಗೆ ಒಂದು ಮೈಕ್ರೋಗ್ರಾಮಿಗಿಂತ ಕಡಿಮೆ ಇದ್ದರೂ ಇದು ಕೆಲಸ ಮಾಡುತ್ತದೆ. ಅರ್ಪ್‌ಎ ಎಂಬ ಪ್ರೋಟೀನು ಒಂದು ಮುಖ್ಯ ಜೀನಿಗೆ ಬೀಗ ಜಡಿದಂತೆ ಡಿಎನ್‌ಎ ಮೇಲೆ ಕೂತಿರುತ್ತದೆ. ಎ-ಫ್ಯಾಕ್ಟರ್ ಬಂದು ಅಂಟಿಕೊಂಡರೆ ಅರ್ಪ್‌ಎ ಅಲ್ಲಿಂದ ಕಳಚಿಕೊಳ್ಳುತ್ತದೆ. ಆಗ ತಯಾರಾಗುವ ಆಡ್‌ಪಿಎ ಪ್ರೋಟೀನು ಸ್ಟ್ರ್‌ಆರ್ ಜೀನನ್ನು ಎಬ್ಬಿಸುತ್ತದೆ, ಸ್ಟ್ರ್‌ಆರ್ ಸ್ಟ್ರೆಪ್ಟೊಮೈಸಿನ್ ಕಟ್ಟುವ ಜೀನುಗಳನ್ನು ಎಬ್ಬಿಸುತ್ತದೆ. ಸ್ಟ್ರ್‌ಆರ್ ಜೊತೆಜೊತೆಗೇ ಸ್ಟ್ರೆಪ್ಟೊಮೈಸಿನ್ನಿನಿಂದ ತನ್ನನ್ನು ಕಾಪಾಡಿಕೊಳ್ಳುವ ಜೀನೂ ಚಾಲೂ ಆಗುತ್ತದೆ. ವಿಷ ಅರೆಯುವ ಮುಂಚೆ ಪ್ರತಿವಿಷ ಸಿದ್ಧ!

ಇಷ್ಟೊಂದು ಬಿಗಿ ಏಕೆಂದರೆ ತಯಾರಿಕೆ ದುಬಾರಿ. ಆಹಾರ ಹೇರಳವಾಗಿದ್ದಾಗ ಬೆಳೆಯುವುದೇ ಲಾಭ. ಹಸಿವು ಬಂದಾಗ ಹಳೆಯ ಎಳೆಗಳು ಕರಗಿ ಬೀಜಾಣು ಹೊರುವ ಹೊಸ ಎಳೆಗಳಿಗೆ ಉಣಿಸಾಗುತ್ತವೆ. ಆ ಊಟಕ್ಕೆ ನೆರೆಯ ಸೂಕ್ಷ್ಮಜೀವಿಗಳು ಕೈಹಾಕದಂತೆ ಕಾಯುವ ಹೊತ್ತು ಅದು ಎಂಬುದು ಬಹುಜನರ ವಿವರಣೆ. ಸೀಲಿಕಲರ್‌ನಲ್ಲಿ ಅಸಿಟೈಲ್‌ಗ್ಲೂಕೋಸಮೈನ್ ಎಂಬ ಸಕ್ಕರೆ ಬರಗಾಲದಲ್ಲಿ ಸಿಕ್ಕರೆ ಆ್ಯಂಟಿಬಯೋಟಿಕ್ ತಯಾರಿ ಶುರುವಾಗುತ್ತದೆ, ಸುಭಿಕ್ಷದಲ್ಲಿ ಸಿಕ್ಕರೆ ನಿಲ್ಲುತ್ತದೆ. ಪೌಷ್ಟಿಕ ದ್ರಾವಣ ತುಂಬಿದ ಫ್ಲಾಸ್ಕಿನಲ್ಲಿ ಅನೇಕ ಜೀನುಗಳು ಸುಮ್ಮನಿರುವುದರಲ್ಲಿ ಹಾಗಾಗಿ ಸೋಜಿಗವೇನಿಲ್ಲ.

ಆ ಜೀನುಗಳು ವಿಕಾಸದ ಹಾದಿಯಲ್ಲಿ ಕೆಟ್ಟು ಉಳಿದ ಅವಶೇಷ ಯಾಕಾಗಿರಬಾರದು ಎಂದು ಕೇಳಬಹುದು. ಕೆಲವು ಹಾಗೆಯೇ ಇರಬೇಕು. ಆದರೆ ಸೀಲಿಕಲರ್‌ನಲ್ಲಿ ತಡೆ ಹಿಡಿಯುವ ಒಂದು ಜೀನನ್ನು ಕಿತ್ತುಹಾಕಿದಾಗ, ಅದುವರೆಗೆ ಕಾಣದಿದ್ದ ಹಳದಿ ಬಣ್ಣದ ವಸ್ತು ಹೊರಬಂತು. ಕೆಟ್ಟುಹೋದ ಜೀನಿನಿಂದ ಅದು ಸಾಧ್ಯವಿಲ್ಲ. ಸಂಕೇತಗಳ ಗೊಡವೆಯೇ ಬೇಡ, ಜೀನ್ ಗುಂಪನ್ನೇ ಪಳಗಿದ ಇನ್ನೊಂದು ಬ್ಯಾಕ್ಟೀರಿಯಾಕ್ಕೆ ಸಾಗಿಸೋಣ ಎಂಬ ವಾದಕ್ಕೂ ಬಲವಿದೆ. ಇದು ಫಲ ಕೊಟ್ಟ ಉದಾಹರಣೆಗಳುಂಟು. ಆದರೂ ಹೊಸ ಮನೆಯಲ್ಲಿ ಕಚ್ಚಾವಸ್ತು ಸಿಗಬೇಕು, ತಯಾರಾದ ವಿಷವನ್ನು ಆತಿಥೇಯ ತಾಳಿಕೊಳ್ಳಬೇಕು, ಜೀನುಗಳನ್ನು ಅಲ್ಲೂ ಯಾರಾದರೂ ಎಬ್ಬಿಸಬೇಕು. ನಿಯಂತ್ರಣದ ಪ್ರಶ್ನೆ ಜಾಗ ಬದಲಿಸುತ್ತದೆಯೇ ಹೊರತು ತೀರುವುದಿಲ್ಲ.

ಇದಕ್ಕಿಂತ ಗಂಭೀರವಾದ ಆಕ್ಷೇಪ ಸೂಕ್ಷ್ಮಜೀವಿ ವಿಜ್ಞಾನಿ ಜೂಲಿಯನ್ ಡೇವಿಸ್ ಅವರದು. ಮಣ್ಣಿನಲ್ಲಿ ಆ್ಯಂಟಿಬಯೋಟಿಕ್‌ಗಳ ಪ್ರಮಾಣ ತೀರಾ ಅಲ್ಪ; ಅವು ಕೊಲ್ಲುವ ಆಯುಧಗಳಿಗಿಂತ ಹೆಚ್ಚಾಗಿ ಸೂಕ್ಷ್ಮಜೀವಿಗಳ ನಡುವಿನ ಸಂಕೇತಗಳಿರಬಹುದು ಎಂದು ಅವರು ವಾದಿಸಿದರು. ಮೇಲೆ ಹೇಳಿದ ಕಾವಲಿನ ವಿವರಣೆಗೆ ಇದು ಪೆಟ್ಟು, ನಿಜ. ನನ್ನ ಮಾತಿಗೆ ಮಾತ್ರ ಇದರಿಂದ ಬಲವೇ ಬಂತು: ಅವು ಸಂಕೇತಗಳಾದರೆ, ಮಲಗಿದ ಜೀನುಗಳನ್ನು ಎಬ್ಬಿಸುವ ಸೂಚನೆಯೂ ಅವೇ ಆಗಬಹುದು. 2014ರ ಒಂದು ಅಧ್ಯಯನದಲ್ಲಿ ಟ್ರೈಮೆಥೊಪ್ರಿಮ್ ಎಂಬ ಆ್ಯಂಟಿಬಯೋಟಿಕ್ ಅನ್ನು ಕೊಲ್ಲದಷ್ಟು ಕಡಿಮೆ ಕೊಟ್ಟಾಗ ಬರ್ಕ್‌ಹೋಲ್ಡೇರಿಯಾ ಥೈಲ್ಯಾಂಡೆನ್ಸಿಸ್ ಎಂಬ ಬ್ಯಾಕ್ಟೀರಿಯಾದಲ್ಲಿ ನಿದ್ರಿಸುತ್ತಿದ್ದ ಜೀನ್ ಗುಂಪುಗಳು ಎದ್ದು ಕೆಲಸಕ್ಕಿಳಿದವು. ಹಾಗೆ ಎದ್ದು ತಯಾರಿಸಿದವುಗಳಲ್ಲಿ ಮ್ಯಾಲಿಲ್ಯಾಕ್ಟೋನ್ ಒಂದು. ಅದು ಜೀವಕೋಶಗಳಿಗೇ ವಿಷ, ಮದ್ದಲ್ಲ. ಎಬ್ಬಿಸಿದ್ದೆಲ್ಲ ಔಷಧವಾಗುವುದಿಲ್ಲ, ಆ ಜರಡಿ ಹಿಡಿಯುವ ಕೆಲಸ ಎಬ್ಬಿಸಿದ ಮೇಲಷ್ಟೇ ಶುರುವಾಗುತ್ತದೆ.