ಅರವತ್ತರ ಮೇಲೆ ಸೈಕಲ್ಲು

ಟಾಲ್‌ಸ್ಟಾಯ್ ಅವರು 1895ರಲ್ಲಿ, ಅರವತ್ತು ದಾಟಿದ ಮೇಲೆ, ಸೈಕಲ್ ಕಲಿತರು. ಕಿರಿಯ ಮಗನನ್ನು ಕಳೆದುಕೊಂಡ ವರ್ಷ ಅದು. ನಾನು ಕಲಿತದ್ದು ನಿವೃತ್ತನಾದ ಮೇಲೆ. ಮೂರು ದಶಕ ಪಾಠ ಹೇಳಿದವನಿಗೆ ಬೀಳುವ ಭಯಕ್ಕಿಂತ, ಬಿದ್ದುದನ್ನು ಹಳೆಯ ಶಿಷ್ಯರು ಕಂಡಾರೆಂಬ ಭಯವೇ ಹಿರಿದಾಗಿತ್ತು.

ಹುಡುಗರಿಗೆ ಕಲಿಸುವಾಗ ಯಾರಾದರೂ ಸೀಟು ಹಿಡಿದು ಹಿಂದೆ ಓಡುವುದುಂಟು. ಹಿಡಿದ ಕೈ ವಾಲಾಟವನ್ನು ಅಡಗಿಸಿ, ಅದನ್ನು ತಿದ್ದುವ ಪಾಠವನ್ನೇ ಕಸಿಯುತ್ತದೆ. ಸಮತೋಲವೆಂದರೆ ನಿಶ್ಚಲತೆಯಲ್ಲ, ಕ್ಷಣಕ್ಷಣದ ತಿದ್ದುಪಡಿ. ಸೈಕಲ್ಲು ವಾಲಿದ ಕಡೆಗೇ ಹ್ಯಾಂಡಲನ್ನು ತುಸು ತಿರುಗಿಸಿದರೆ ಚಕ್ರಗಳು ದೇಹಭಾರದ ಅಡಿಗೆ ಮರಳುತ್ತವೆ. ಅಂಜಿದವನು ವಿರುದ್ಧ ದಿಕ್ಕಿಗೆ ತಿರುಗಿಸಿ ಬೀಳುತ್ತಾನೆ.

ಆದ್ದರಿಂದ, ಕೇಳುಗ ಮಿತ್ರರೇ, ಮೊದಲು ಪೆಡಲುಗಳನ್ನು ಕಳಚಿರಿ. ಎಡಗಡೆಯದು ಗಡಿಯಾರದ ಮುಳ್ಳಿನ ದಿಕ್ಕಿಗೆ ತಿರುಗಿಸಿದರೆ ಸಡಿಲವಾಗುತ್ತದೆಂಬುದು ನೆನಪಿರಲಿ. ಎರಡೂ ಅಂಗಾಲು ನೆಲಕ್ಕೂರುವಷ್ಟು ಸೀಟನ್ನು ಇಳಿಸಿರಿ. ಬಯಲಿನಲ್ಲಿ ಕಾಲಿನಿಂದ ನೆಲವನ್ನೊದ್ದು, ದೃಷ್ಟಿಯನ್ನು ದಾರಿಯ ಮೇಲಿಟ್ಟು ಸಾಗಿರಿ. ಬ್ರೇಕಿನ ಅಭ್ಯಾಸವೂ ಆಗಲೇ ಆಗಲಿ. ಕಾಲೆತ್ತಿ ಹತ್ತು ಮಾರು ಸಾಗಬಲ್ಲವರು ಪೆಡಲು ಜೋಡಿಸಬಹುದು. ಧೈರ್ಯ ಬಂದಂತೆ ಸೀಟು ಏರಲಿ. ಪೆಡಲು ಕೆಳಗಿಳಿದಾಗ ಮೊಣಕಾಲು ತುಸುವೇ ಬಾಗಿರಬೇಕು. ಹೆಲ್ಮೆಟ್ ಹಣೆಯನ್ನು ಮುಚ್ಚಲಿ. ಪಂಚೆಯ ಅಂಚು ಚೈನಿಗೆ ಸಿಗದಿರಲಿ.

1990ರ ದಶಕದಲ್ಲಿ ತಮಿಳುನಾಡಿನ ಪುದುಕ್ಕೋಟ್ಟೈ ಜಿಲ್ಲೆಯಲ್ಲಿ ಸಾಕ್ಷರತಾ ಆಂದೋಲನದ ಜೊತೆಗೇ ಸಾವಿರಾರು ಗ್ರಾಮೀಣ ಸ್ತ್ರೀಯರು ಸೈಕಲ್ ಕಲಿತರು. ಅಕ್ಷರದಂತೆ ಚಕ್ರವೂ ಅವರ ಪರಾಧೀನತೆಯನ್ನು ಕಳೆಯಿತು.

ಮೊನ್ನೆ ಗ್ರಂಥಾಲಯಕ್ಕೆ ಸೈಕಲ್ಲಿನಲ್ಲೇ ಹೋದೆ. ಬಾಗಿಲಲ್ಲಿ ಹಳೆಯ ಶಿಷ್ಯನೊಬ್ಬ ಎದುರಾದ. ನಗಲಿಲ್ಲ. "ನಮ್ಮ ತಾಯಿಯವರಿಗೂ ಹೇಳಿಕೊಡುವಿರಾ, ಸಾರ್?" ಎಂದ.